ನಾಯಿ ಕಡೆಯ ಮುಂಗುಸಿ

ನಮ್ಮ ಹೆಡ್‌ಮಾಸ್ತರಿಗೆ ಒಂದು ಅಭ್ಯಾಸವಿತ್ತು. ಬೆಳಿಗ್ಗೆ ಶಾಲೆಗೆ ಬಂದವರು ಕೊಡೆ ಮಡಚಿ ಕಿಟಕಿಯ ಸರಳಿಗೆ ನೇತುಹಾಕಿ, ಆಫೀಸಿನ ಕಡೆ ತಿರುಗದೆ ನೇರವಾಗಿ ವಿಜ್ಞಾನದ ಕೋಣೆಗೆ ಬರುತ್ತಿದ್ದರು. ಹೊಸ್ತಿಲಾಚೆ ಚಪ್ಪಲಿ ಬಿಡುವರು. ಕನ್ನಡಕವನ್ನು ಹಣೆಗೇರಿಸುವರು. ಕಪಾಟಿನ ಮೇಲಿದ್ದ ಗಾಜಿನ ಪೆಟ್ಟಿಗೆಯನ್ನು ದಿಟ್ಟಿಸಿ, ಒಳಗಿದ್ದ ಪ್ರಾಣಿಯ ಗಾಜುಗಣ್ಣು ತಮ್ಮ ಕಣ್ಣಿಗೆ ಸಿಕ್ಕಿತೆಂದು ಖಾತ್ರಿಯಾದ ಮೇಲೆ "ಆಯ್ತು" ಎನ್ನುವರು. ಆ "ಆಯ್ತು" ಆಗುವ ತನಕ ಅವರು ಯಾವ ಕಾಗದಕ್ಕೂ ಸಹಿ ಹಾಕುತ್ತಿರಲಿಲ್ಲ. ಒಂದು ಸೋಮವಾರ ಕೋಣೆಯ ಬೀಗದ ಕೈ ಕಳೆದುಹೋಗಿ, ಮೂರು ಹುಡುಗರ ವರ್ಗಾವಣೆ ಪತ್ರ ಮಧ್ಯಾಹ್ನದವರೆಗೆ ಹಾಗೇ ಉಳಿದಿತ್ತು.

ಪ್ರಾಣಿಶಾಸ್ತ್ರ ಓದಿದವರಿಗೆ ಬದುಕಿರುವ ಪ್ರಾಣಿಗಳಿಂದ ಅಂಥ ತೊಂದರೆ ಇಲ್ಲ. ಹಾವು ಕಂಡರೆ ದೂರ ನಿಂತರಾಯಿತು, ಎಮ್ಮೆ ಬಂದರೆ ದಾರಿ ಬಿಟ್ಟರಾಯಿತು. ನನಗೆ ಮಾತ್ರ ಹೊಸನಗರದಲ್ಲಿದ್ದ ಎರಡು ವರ್ಷವೂ, ಸತ್ತು ಹೊಟ್ಟೆಗೆ ನಾರು ತುಂಬಿಸಿಕೊಂಡು ನಿಂತ ಆ ಒಂದೇ ಪ್ರಾಣಿಯಿಂದ ಒಂದರ ಮೇಲೊಂದು ಪ್ರಸಂಗ.

ಫಾರಿನ್ ಮುಂಗುಸಿ

ನಾನು ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು. ಮಾತು ಕಡಿಮೆ. ಇದ್ದ ಮಾತೂ ಇಂಗ್ಲಿಷಿನಲ್ಲಿ ಎದ್ದು ಕನ್ನಡಕ್ಕೆ ಬರುವಷ್ಟರಲ್ಲಿ ಎದುರಿಗಿದ್ದವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು. ಎಂಬತ್ತರ ದಶಕ ಶುರುವಾಗುತ್ತಿದ್ದ ಹೊತ್ತಿನಲ್ಲಿ ಹೊಸನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿ ಸೇರಿದೆ. ಕೆಲಸ ತಾತ್ಕಾಲಿಕ, ವರ್ಷ ವರ್ಷಕ್ಕೆ ಹೊಸ ಆದೇಶ. ತಪಾಸಣೆಗೆ ಬರುವ ಇನ್‌ಸ್ಪೆಕ್ಟರು ನನ್ನ ಬಗ್ಗೆ ಒಳ್ಳೆಯ ಮಾತು ಬರೆದು, ಹೆಡ್‌ಮಾಸ್ತರು ಸಹಿ ಹಾಕಿ ಮೇಲಕ್ಕೆ ಕಳಿಸಿದರೆ ಕಾಯಂ. ಇಲ್ಲದಿದ್ದರೆ ಟ್ರಂಕು ಹಿಡಿದು ಶಿವಮೊಗ್ಗದ ಬಸ್ಸು.

ಮೊದಲ ದಿನ ಅಟೆಂಡರು ನನಗೆ ಕೋಣೆ ತೋರಿಸಿದ. ಐವತ್ತು ದಾಟಿದ ಮನುಷ್ಯ, ಶಾಲೆಯ ಗಂಟೆಯೂ ಆ ಪ್ರಾಣಿಯೂ ಅವನ ಸುಪರ್ದಿ.

"ಇದೇನು?" ಎಂದೆ.

"ಮುಂಗುಸಿ, ಟೀಚ್ರೇ. ಕಾರ್ಗಲ್ಲಿನ ಡ್ಯಾಮ್ ಕಾಲೊನಿಲಿ ಯಾರೋ ಫಾರಿನ್ ಎಂಜಿನಿಯರು ಇದ್ರಂತೆ. ಊರಿಗೆ ಹೋಗ್ವಾಗ ಬಿಟ್ಟು ಹೋದ್ರು. ನಮ್ಮ ಕಮಿಟಿಯೋರು ತಂದು ಶಾಲೆಗೆ ಕೊಟ್ರು."

ನಾನು ಹತ್ತಿರ ಹೋಗಿ ನೋಡಿದೆ. ಮುಂಗುಸಿಯ ಮೈಕೂದಲು ಮೆಣಸು ಉಪ್ಪು ಬೆರೆಸಿದ ಹಾಗೆ ಬೂದು. ಇದು ಹಾಲಿನ ಕೆನೆಯ ಬಣ್ಣ. ಕಾಲು ಕಪ್ಪು. ಕಣ್ಣಿನ ಸುತ್ತ ಕಪ್ಪು ಪಟ್ಟಿ.

"ಇಷ್ಟು ಬಿಳಿ ಇದೆಯಲ್ಲ?"

"ಫಾರಿನ್‌ದಲ್ವಾ, ಅಲ್ಲಿ ಬಿಸಿಲು ಕಮ್ಮಿ. ಬಿಳಚ್ಕಂಡಿದೆ."

"ಕಣ್ಣಿನ ಸುತ್ತ ಕಪ್ಪು?"

ಅಟೆಂಡರು ಪೆಟ್ಟಿಗೆಯ ಧೂಳನ್ನು ಹೆಗಲ ಟವೆಲಿನಲ್ಲಿ ಒರೆಸುತ್ತ ಹೇಳಿದ: "ಹಾವಿನ ಹತ್ರ ಪೆಟ್ಟು ತಿಂದಿದ್ದು, ಟೀಚ್ರೇ. ನಿಮಗೆ ಪಾಠ ಇರೋದಿಲ್ವಾ, ಮುಂಗುಸಿಗೂ ಹಾವಿಗೂ ಆಗಲ್ಲ ಅಂತ?"

ಎಡದಿಂದ ಬಲಕ್ಕೆ

ಮುಂಗುಸಿ ಕಂಡರೆ ಶುಭ ಎಂದು ನಮ್ಮ ಕಡೆ ನಂಬಿಕೆ. ಕಾಡಿನ ಮುಂಗುಸಿ ಬೇಕೆಂದಾಗ ಕಾಣುವುದಿಲ್ಲ. ನಮ್ಮದು ಹತ್ತರಿಂದ ಐದರವರೆಗೆ, ಭಾನುವಾರ ಮತ್ತು ಸರ್ಕಾರಿ ರಜೆ ಬಿಟ್ಟು, ಯಾವಾಗ ಬಂದರೂ ಕಾಣುತ್ತಿತ್ತು. ಆದ್ದರಿಂದ ಹೆಣ್ಣು ನೋಡಲು ಹೊರಟವರು, ಕೋರ್ಟಿಗೆ ಹೊರಟವರು, ಬಸುರಿ ಮಗಳನ್ನು ಕರೆತರಲು ಹೊರಟವರು ಮೊದಲು ನಮ್ಮ ಶಾಲೆಗೆ ಬಂದು ಕಿಟಕಿಯಲ್ಲಿ ಇಣುಕಿ ಹೋಗುತ್ತಿದ್ದರು. ನಾನು ಎಂಟನೇ ತರಗತಿಗೆ ಆಮ್ಲಜನಕ ಹೇಳಿಕೊಡುತ್ತಿದ್ದರೆ ಕಿಟಕಿಯಲ್ಲಿ ಮೂರು ರುಮಾಲು.

ತಂಟೆ ಏನೆಂದರೆ, ಮುಂಗುಸಿ ಕಂಡರೆ ಸಾಲದು, ಅಡ್ಡ ಹಾಯಬೇಕು ಎನ್ನುವವರೂ ಇದ್ದರು. ನಾರು ತುಂಬಿದ ಪ್ರಾಣಿ ಅಡ್ಡ ಹಾಯುವುದು ಹೇಗೆ? ಅದಕ್ಕೆ ಅಟೆಂಡರು ದಾರಿ ಕಂಡುಕೊಂಡಿದ್ದ. ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದವರ ಮುಂದೆ ತಾನೇ ಅಡ್ಡ ಹಾಯುತ್ತಿದ್ದ.

ಮಳೆಗಾಲದ ಒಂದು ಬೆಳಿಗ್ಗೆ ಹುಲಿಕಲ್ ಘಾಟಿ ಇಳಿಯುವ ಬಸ್ಸು ಶಾಲೆಯ ಗೇಟಿನ ಮುಂದೆ ನಿಂತಿತು. ಡ್ರೈವರು ಹಾರ್ನ್ ಹೊಡೆದ. ಅಟೆಂಡರು ಪೆಟ್ಟಿಗೆ ಹೊತ್ತು ಓಡಿಹೋಗಿ, ತಲೆ ಮೇಲೆ ಮಳೆಗೆ ಹಾಕುವ ಓಲೆಯ ಗೊರಬು ಹಾಕಿಕೊಂಡೇ, ಬಸ್ಸಿನ ಮೂತಿಯ ಮುಂದೆ ಎಡದಿಂದ ಬಲಕ್ಕೆ ಗಂಭೀರವಾಗಿ ನಡೆದ. ಡ್ರೈವರು ಕೈ ಮುಗಿದು ಗೇರು ಹಾಕುವಷ್ಟರಲ್ಲಿ ಒಳಗಿಂದ ಒಬ್ಬ ಅಜ್ಜ ಕೂಗಿದರು.

"ಏಯ್ ಮಾರಾಯ, ಬಲದಿಂದ ಎಡಕ್ಕೆ ಹೋಗ್ಬೇಕಾ, ಎಡದಿಂದ ಬಲಕ್ಕಾ?"

ಬಸ್ಸಿನಲ್ಲಿ ಎರಡು ಪಕ್ಷವಾಯಿತು. ಕಂಡಕ್ಟರು ಎಡದವರ ಪಕ್ಷ, ಮುಂದಿನ ಸೀಟಿನ ಹೆಂಗಸರೆಲ್ಲ ಬಲದವರ ಪಕ್ಷ. ಹತ್ತು ನಿಮಿಷ ಬಸ್ಸು ಅಲ್ಲೇ ಗುರುಗುಟ್ಟಿತು. ಕೊನೆಗೆ ಅಟೆಂಡರು ಬಲದಿಂದ ಎಡಕ್ಕೂ ಒಮ್ಮೆ ನಡೆದು, ಕಿಟಕಿಗೆ ತಲೆಯೆತ್ತಿ ಹೇಳಿದ:

"ಎರಡೂ ಕಡೆ ಹೋಗಿದೀನಿ. ಯಾರಿಗೆ ಯಾವ್ದು ಬೇಕೋ ಅದನ್ನ ಇಟ್ಕಳಿ!"

ಬುಡದ ಚೀಟಿ

ಇನ್‌ಸ್ಪೆಕ್ಷನ್ ಬರುತ್ತದೆ ಎಂಬ ಸುದ್ದಿ ಬಂತು. ಹೆಡ್‌ಮಾಸ್ತರು ನನ್ನನ್ನು ಕರೆದು, "ನೋಡೀಮ್ಮಾ, ಆ ಮುಂಗುಸಿಗೆ ಒಂದು ಚೀಟಿ ಇಲ್ಲ. ಮುಂಗುಸಿ ಅಂತ ದೊಡ್ಡಕ್ಷರದಲ್ಲಿ ಬರೀರಿ. ಕೆಳಗೆ ಅದರ ಕುಟುಂಬ, ಗಿಟುಂಬ ಎಲ್ಲ ಬರೀರಿ. ಇನ್‌ಸ್ಪೆಕ್ಟರು ಸೈನ್ಸಿನವರು" ಎಂದರು.

ಚೀಟಿ ಅಂಟಿಸಲು ಪ್ರಾಣಿಯನ್ನು ಹೊರತೆಗೆದಾಗ ಅದು ನಿಂತಿದ್ದ ಹಲಗೆಯ ಬುಡದಲ್ಲಿ ಒಂದು ಹಳೆಯ ಚೀಟಿ ಕಂಡಿತು. ನೀಲಿ ಶಾಯಿ, ಇಂಗ್ಲಿಷ್ ಅಕ್ಷರ. "ಫೆರೆಟ್, ನಾಲ್ಕು ವರ್ಷ ನನ್ನ ಕೋಟಿನ ಜೇಬಿನಲ್ಲಿದ್ದ ಗೆಳೆಯ" ಎಂದು ಬರೆದಿತ್ತು.

ಇದು ಮುಂಗುಸಿಯಲ್ಲ ಎಂಬ ನನ್ನ ಅನುಮಾನ ಸರಿಯಾಗಿತ್ತು. ಖುಷಿಯಾಯಿತು. ಇದನ್ನು ಹೆಡ್‌ಮಾಸ್ತರಿಗೆ ಹೇಳುವವರು ಯಾರು? ಹನ್ನೆರಡು ವರ್ಷದಿಂದ "ಆಯ್ತು" ಎನ್ನುತ್ತಿದ್ದ ಮನುಷ್ಯ. ನನ್ನ ಕಾಯಂ ಕಾಗದಕ್ಕೆ ಸಹಿ ಹಾಕಬೇಕಾದ ಮನುಷ್ಯ.

ಮೊದಲು ಕನ್ನಡ ಪಂಡಿತರ ಹತ್ತಿರ ಬಾಯಿಬಿಟ್ಟೆ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವರದು. ದನಿ ತಗ್ಗಿಸಿ ಮಾತಾಡಿದರೂ ಕಿವಿಗೊಟ್ಟು ಕೇಳುವ ಒಬ್ಬರೇ ಅವರು.

"ಅದು ಮುಂಗುಸಿ ಅಲ್ಲ ಸಾರ್. ಫೆರೆಟ್. ಯುರೋಪಿನ ಕಾಡುಪ್ರಾಣಿಯೊಂದನ್ನು ಮೊಲ ಹಿಡಿಯಲಿಕ್ಕೆ ಅಂತ ಪಳಗಿಸಿದ್ದು."

"ಇರ್ಲಿ, ಮುಂಗುಸಿಯ ದಾಯಾದಿ ತಾನೇ?"

"ಅಲ್ಲ ಸಾರ್." ನಾನು ಸೀಮೆಸುಣ್ಣದಿಂದ ಮೇಜಿನ ಮೇಲೆ ಒಂದು ಗೆರೆ ಎಳೆದೆ. "ಮಾಂಸ ತಿನ್ನೋ ಪ್ರಾಣಿಗಳಲ್ಲಿ ಎರಡು ಕಡೆ. ಮದುವೆ ಮನೆ ಇದ್ದ ಹಾಗೆ. ನಾಯಿ ಕಡೆಯವರು, ಬೆಕ್ಕಿನ ಕಡೆಯವರು. ನಾಯಿ, ತೋಳ, ನರಿ, ಕರಡಿ ಈ ಕಡೆ. ಫೆರೆಟ್ಟೂ ಈ ಕಡೆ. ಅದರ ಖಾಸಾ ನೆಂಟ ಅಂದ್ರೆ ನಮ್ಮ ಹೊಳೆಯ ನೀರುನಾಯಿ. ಬೆಕ್ಕು, ಹುಲಿ, ಚಿರತೆ, ಪುನುಗು ಬೆಕ್ಕು ಆ ಕಡೆ. ಮುಂಗುಸಿ ಇರೋದು ಪುನುಗು ಬೆಕ್ಕಿನ ಬಳಗದಲ್ಲಿ."

ಪಂಡಿತರು ಗೆರೆಯನ್ನು ಬಹಳ ಹೊತ್ತು ನೋಡಿದರು. ನಶ್ಯದ ಡಬ್ಬಿ ತೆಗೆದರು, ಹಾಗೇ ಮುಚ್ಚಿದರು.

"ಅಂದ್ರೆ ಮುಂಗುಸಿ ಬೆಕ್ಕಿನ ಕಡೆ?"

"ಹೌದು ಸಾರ್."

"ಬೆಕ್ಕು ಅಡ್ಡ ಬಂದ್ರೆ ಮನೆಗೆ ವಾಪಸ್ ಹೋಗಿ ನೀರು ಕುಡಿದು ಹೊರಡ್ತೀವಿ. ಮುಂಗುಸಿ ಬಂದ್ರೆ ಕೈ ಮುಗೀತೀವಿ. ಇಬ್ಬರೂ ಒಂದೇ ಮನೆಯವರು ಅಂತೀರಿ." ಪಂಡಿತರು ಎದ್ದು ಬಾಗಿಲು ಹಾಕಿ ಬಂದು ಪಿಸುಗುಟ್ಟಿದರು. "ಮೇಡಂ, ನೀವು ಫೆರೆಟ್ಟಿನ ವಿಷಯ ಬೇಕಾದ್ರೆ ಹೇಳಿ. ಮುಂಗುಸಿ ವಿಷಯ ಮಾತ್ರ ಎತ್ತಬೇಡಿ. ನನ್ನ ಮಗಳ ಮದುವೆ ಅದನ್ನ ನೋಡಿಯೇ ಆಗಿದ್ದು!"

ಹೊಸ ಚೀಟಿಯನ್ನು ನಾನು ಖಾಲಿಯಾಗಿಯೇ ಪೆಟ್ಟಿಗೆಯಲ್ಲಿ ಇಟ್ಟೆ. ಹೆಡ್‌ಮಾಸ್ತರು ಕೇಳಿದಾಗಲೆಲ್ಲ "ಒಳ್ಳೆ ಶಾಯಿ ಬರಬೇಕು ಸಾರ್" ಎಂದೆ.

ಬಾಡಿಗೆ ಮನೆಯ ಪರೀಕ್ಷೆ

ನಾನು ಬಾಡಿಗೆಗಿದ್ದ ಮನೆಯ ಅಮ್ಮ ಸಾಗರದ ಕಡೆಯವರು, ಹವ್ಯಕರು. ಶಾಲೆಯಲ್ಲಿ ಏನಾಯಿತೆಂದು ದಿನವೂ ಕೇಳದೆ ಅವರಿಗೆ ದೋಸೆ ಕಾವಲಿಯಿಂದ ಏಳುತ್ತಿರಲಿಲ್ಲ. ಹೆಡ್‌ಮಾಸ್ತರಿಗೆ ಹೇಳಬೇಕಾದದ್ದನ್ನು ಅವರ ಮುಂದೆ ಅಭ್ಯಾಸ ಮಾಡೋಣ ಎಂದುಕೊಂಡು, ಫೆರೆಟ್ಟಿನ ನೆಂಟರನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

ಅವರು ದೋಸೆ ಮಗುಚುತ್ತ, "ಎಂತದೇ ಕೂಸೆ, ಇದ್ರಲ್ಲಿ ಎಂತ ಹೊಸ್ತು? ನೀರುನಾಯಿ ನಾಯಿ ಕಡೆ ಅಂತ ಹೆಸರಲ್ಲೇ ಇದ್ದಲೇ. ಪುನುಗು ಬೆಕ್ಕು ಬೆಕ್ಕಿನ ಕಡೆ. ಅದೂ ಹೆಸರಲ್ಲೇ ಇದ್ದು. ಇಷ್ಟು ತಿಳ್ಯಲೆ ನಿಂಗೆ ಮೂರು ವರ್ಷ ಕಾಲೇಜು ಬೇಕಾತನೇ?" ಎಂದರು.

ಎರಡೂ ಸರಿ! ನನ್ನ ಪ್ರೊಫೆಸರು ಆರು ತಿಂಗಳು ತೆಗೆದುಕೊಂಡದ್ದನ್ನು ಇವರು ಒಂದು ದೋಸೆಯಲ್ಲಿ ಮುಗಿಸಿದ್ದರು. ಅವಮಾನವಾಯಿತು. ಕೊನೆಯ ಬಾಣ ಬಿಟ್ಟೆ.

"ಹಾಗಾದ್ರೆ ಕತ್ತೆಕಿರುಬ ಯಾವ ಕಡೆ ಹೇಳಿ ಅಮ್ಮಾ?"

ಅವರು ಸೌಟು ಹಿಡಿದು ಸ್ವಲ್ಪ ಯೋಚಿಸಿದರು. "ಕತ್ತೆ ಕಡೆ!"

ಕತ್ತೆಕಿರುಬ ಇರುವುದು ಬೆಕ್ಕಿನ ಕಡೆ. ಒಂದೇ ಒಂದು ಪ್ರಶ್ನೆಯಿಂದ ನನ್ನ ಡಿಗ್ರಿ ಉಳಿಯಿತು.

ತೀರ್ಥಹಳ್ಳಿಯಲ್ಲಿ ಪಾಲು

ಅಷ್ಟರಲ್ಲಿ ತೀರ್ಥಹಳ್ಳಿಯಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನ. ಹೆಡ್‌ಮಾಸ್ತರು ಮುಂಗುಸಿಯನ್ನು ಊರಾಚೆ ಕಳಿಸಲು ಸುಲಭವಾಗಿ ಒಪ್ಪಲಿಲ್ಲ. ಒಪ್ಪಿದ ಮೇಲೂ, ತಾವು ಆ ದಿನ ರಜೆ ಹಾಕಿದರು. ಸಹಿ ಹಾಕುವ ಪ್ರಸಂಗವೇ ಬರಬಾರದಲ್ಲ!

ನಾನೂ ಅಟೆಂಡರೂ ಪೆಟ್ಟಿಗೆಯನ್ನು ಸೀಟಿನ ಮಧ್ಯೆ ಕೂರಿಸಿಕೊಂಡು ಹೋದೆವು. ಗೋಡೆಗೆ ನನ್ನ ವಿದ್ಯಾರ್ಥಿನಿಯರು ಬರೆದ ದೊಡ್ಡ ಹಾಳೆ ತೂಗಿತು. ಮಧ್ಯೆ ಗೆರೆ, ಎಡಕ್ಕೆ ನಾಯಿ ಕಡೆ, ಬಲಕ್ಕೆ ಬೆಕ್ಕಿನ ಕಡೆ, ಕೆಳಗೆ ಕೊಂಬೆ ಕೊಂಬೆಯಾಗಿ ಚಿತ್ರಗಳು.

ಬಿಳಿ ಪಂಚೆಯ ಹಿರಿಯ ಗೌಡರೊಬ್ಬರು ಬಂದು ನಿಂತರು. ಸುತ್ತಲ ಊರುಗಳಲ್ಲಿ ಮನೆ ಪಾಲಾಗುವಾಗ ಪಂಚಾಯ್ತಿಗೆ ಕರೆಯುವುದು ಅವರನ್ನೇ ಎಂದು ಪಕ್ಕದವರು ನನಗೆ ಹೇಳಿದರು. ಅವರು ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಮತ್ತೆ ಮೇಲಿಂದ ಓದಿದರು.

"ಇದನ್ನ ಮಾಡಿದ್ದು ಯಾರವ್ವಾ?"

"ನಾವೇ ಸಾರ್."

"ತಪ್ಪಾಗಿದೆ."

"ಎಲ್ಲಿ ಸಾರ್?"

"ಬೆಕ್ಕಿನ ಕಡೆಯೋರಿಗೆ ಹುಲಿ ಕೊಟ್ಟಿದೀರಿ, ಸಿಂಹ ಕೊಟ್ಟಿದೀರಿ, ಚಿರತೆ ಕೊಟ್ಟಿದೀರಿ. ನಾಯಿ ಪಾಪ, ಮನೆ ಕಾಯೋ ಪ್ರಾಣಿ. ಅದಕ್ಕೆ ಸಿಕ್ಕಿದ್ದು ನರಿ, ಕರಡಿ. ಇದು ನ್ಯಾಯದ ಪಾಲಾ? ಆ ಕತ್ತೆಕಿರುಬನೂ ಬೆಕ್ಕಿನ ಕಡೆ ಹಾಕಿದೀರಿ. ಅದನ್ನಾದ್ರೂ ಈ ಕಡೆ ತಳ್ಳಿ." ಆಮೇಲೆ ಗಾಜಿನ ಪೆಟ್ಟಿಗೆಗೆ ಬೆರಳು ತೋರಿಸಿದರು. "ಇವನು ಯಾವ ಕಡೆ?"

ಎಷ್ಟು ದಿನದಿಂದ ಅದುಮಿಟ್ಟ ಮಾತು, ಯಾರೋ ಗೊತ್ತಿಲ್ಲದವರು ಕೇಳಿದ ಕೂಡಲೆ ಹೊರಗೆ ಬಂತು. "ನಾಯಿ ಕಡೆ ಸಾರ್. ಮುಂಗುಸಿ ಅಲ್ಲ. ನೀರುನಾಯಿಯ ನೆಂಟ."

"ಹಾಂ, ಹಾಗಾದ್ರೆ ಒಂದು ಚೂರು ಸಮ ಆಯ್ತು" ಎಂದು ಗೌಡರು ಮುಂದೆ ಹೋದರು.

ಹಿಂದೆ ಅಟೆಂಡರು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕೂತ. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಹನ್ನೆರಡು ವರ್ಷ ಎಡಕ್ಕೂ ಬಲಕ್ಕೂ ಹೊತ್ತು ನಡೆದವನು. ನನಗೆ ಸಂಕಟವಾಯಿತು. ಹೊಸನಗರದ ದೀಪ ಕಾಣುವ ಹೊತ್ತಿಗೆ ಅವನು ಮೆಲ್ಲಗೆ ಕೇಳಿದ:

"ಟೀಚ್ರೇ, ನೀರುನಾಯಿ ಅಡ್ಡ ಬಂದ್ರೆ ಏನಂತೆ?"

"ಗೊತ್ತಿಲ್ಲ. ಯಾರೂ ಏನೂ ಹೇಳಿಲ್ಲ."

ಅವನ ಮುಖ ಅರಳಿತು. "ಹಂಗಾದ್ರೆ ಶುಭ ಅಂತ ನಾವೇ ಶುರು ಮಾಡ್ಬೋದು!"

ಇತಿಹಾಸದವರು

ಇನ್‌ಸ್ಪೆಕ್ಟರು ಬಂದರು. ಜೀಪಿನಿಂದ ಇಳಿದವರನ್ನು ಹೆಡ್‌ಮಾಸ್ತರು ಬೇರೆಲ್ಲೂ ನಿಲ್ಲಿಸದೆ ವಿಜ್ಞಾನದ ಕೋಣೆಗೇ ಕರೆತಂದರು. ಚಪ್ಪಲಿ ಬಿಟ್ಟರು. ಅವರು ಬಿಟ್ಟದ್ದು ನೋಡಿ ಇನ್‌ಸ್ಪೆಕ್ಟರೂ ಬೂಟಿನ ಲೇಸಿಗೆ ಕೈ ಹಾಕಿದರು.

"ನಮ್ಮ ಶಾಲೆಯ ಮುಂಗುಸಿ, ಸಾರ್" ಎಂದರು ಹೆಡ್‌ಮಾಸ್ತರು.

ಇನ್‌ಸ್ಪೆಕ್ಟರು ಗಾಜಿಗೆ ಮೂಗು ತಾಗಿಸಿ ನೋಡಿದರು. ಖಾಲಿ ಚೀಟಿಯನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಸೈನ್ಸ್ ಟೀಚರು ನೀವೋ? ಏನಮ್ಮ ಇದು?"

ಕೋಣೆಯಲ್ಲಿ ಹೆಡ್‌ಮಾಸ್ತರು, ಪಂಡಿತರು, ಅಟೆಂಡರು. ಪಂಡಿತರು ಕಣ್ಣು ಮುಚ್ಚಿಕೊಂಡರು. ಮುಂಗುಸಿ ಎಂದರೆ ಇನ್‌ಸ್ಪೆಕ್ಟರು ಬರೆಯುವ ಒಳ್ಳೆಯ ಮಾತು ಹೋಯಿತು. ಅಲ್ಲ ಎಂದರೆ ಹೆಡ್‌ಮಾಸ್ತರ ಸಹಿ ಹೋಯಿತು. ಎರಡು ಬಸ್ಸೂ ಶಿವಮೊಗ್ಗಕ್ಕೇ. ಹೇಗೂ ಹೋಗುವುದಾದರೆ ಸರಿಯಾದದ್ದು ಹೇಳಿಯೇ ಹೋಗೋಣ ಎನಿಸಿತು. ಆಶ್ಚರ್ಯವೆಂದರೆ, ಹಾಗೆ ಎನಿಸಿದ ಮೇಲೆ ದನಿ ತಾನಾಗಿ ದೊಡ್ಡದಾಯಿತು.

"ಫೆರೆಟ್ ಸಾರ್. ನಾಯಿ ಕಡೆಯ ಪ್ರಾಣಿ. ನೀರುನಾಯಿಯ ಕುಟುಂಬ. ಮುಂಗುಸಿಗೂ ಇದಕ್ಕೂ ಮೈ ಉದ್ದ, ಕಾಲು ಗಿಡ್ಡ, ಅಷ್ಟೇ ಹೋಲಿಕೆ. ಬಿಲದೊಳಗೆ ನುಗ್ಗಿ ಬೇಟೆಯಾಡುವವರಿಗೆ ಆ ಆಕಾರ ಅನುಕೂಲ. ರಕ್ತಸಂಬಂಧ ದೂರ." ಪ್ರಾಣಿಯನ್ನು ಹೊರತೆಗೆದು ಹಲಗೆ ಮಗುಚಿ ನೀಲಿ ಶಾಯಿಯ ಚೀಟಿಯನ್ನೂ ತೋರಿಸಿದೆ.

ಇನ್‌ಸ್ಪೆಕ್ಟರು ಓದಿದರು. ತಲೆಯಾಡಿಸಿದರು. ಹೆಡ್‌ಮಾಸ್ತರ ಕಡೆ ತಿರುಗಿ, "ಏನ್ರೀ, ನೀವು ಮುಂಗುಸಿ ಅಂದ್ರಲ್ಲ?" ಎಂದರು.

ಹೆಡ್‌ಮಾಸ್ತರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ, ಸಣ್ಣ ದನಿಯಲ್ಲಿ ಹೇಳಿದರು: "ನಾನು ಇತಿಹಾಸ, ಸಾರ್."

ಇನ್‌ಸ್ಪೆಕ್ಟರು ಪುಸ್ತಕದಲ್ಲಿ ನನ್ನ ಬಗ್ಗೆ ಅರ್ಧ ಪುಟ ಬರೆದರು. "ಇವತ್ತೇ ಸರಿಯಾದ ಚೀಟಿ ಅಂಟಿಸಿ" ಎಂದು ಅಪ್ಪಣೆ ಮಾಡಿದರು. ಶಾಲೆಗಳಲ್ಲಿ ವೈಜ್ಞಾನಿಕ ಮನೋಭಾವ ಎಷ್ಟು ಮುಖ್ಯ ಎಂದು ಹತ್ತು ನಿಮಿಷ ಮಾತಾಡಿದರು. ಜೀಪು ಹತ್ತಿದರು. ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗಬೇಕಿತ್ತು, ಮೋಡ ಕಪ್ಪಿಟ್ಟಿತ್ತು. ಅಟೆಂಡರನ್ನು ಬೆರಳಲ್ಲಿ ಕರೆದರು. ನಾನು ಕಂಬದ ಹಿಂದೆ ಇದ್ದೆ, ಅವರು ನನ್ನನ್ನು ನೋಡಲಿಲ್ಲ.

"ಅದು ಏನೇ ಇರ್ಲಯ್ಯ. ಒಂದ್ಸಲ ಎಡದಿಂದ ಬಲಕ್ಕೆ ತಗೊಂಡು ಹೋಗು!"

ಆಯ್ತು

ಆ ಸಂಜೆಯೇ ಚೀಟಿ ಬರೆದು ಅಂಟಿಸದೆ ಗಾಜಿಗೆ ಒರಗಿಸಿಟ್ಟೆ. ಗೋಂದು ಮುಗಿದಿತ್ತು. ದೊಡ್ಡಕ್ಷರದಲ್ಲಿ ಫೆರೆಟ್. ಕೆಳಗೆ, ನೀರುನಾಯಿಯ ಕುಟುಂಬ. ಅದರ ಕೆಳಗೆ ಗೆರೆ ಹಾಕಿ, ಮುಂಗುಸಿ ಅಲ್ಲ.

ಮರುದಿನ ಬೆಳಿಗ್ಗೆ ಹೆಡ್‌ಮಾಸ್ತರು ಬರುತ್ತಾರೋ ಇಲ್ಲವೋ ಎಂದು ಪ್ರಯೋಗದ ಬಾಟಲಿಗಳನ್ನು ತೊಳೆದದ್ದನ್ನೇ ತೊಳೆಯುತ್ತಿದ್ದೆ. ಕೊಡೆ ಸರಳಿಗೆ ತೂಗಿದ ಸದ್ದು ಕೇಳಿತು. ಹೆಜ್ಜೆ ಆಫೀಸಿನ ಕಡೆ ಹೋಯಿತು. ನಿಂತಿತು. ತಿರುಗಿ ಇತ್ತ ಬಂತು.

ಹೊಸ್ತಿಲಲ್ಲಿ ಅವರು ಒಂದು ಚಪ್ಪಲಿ ಬಿಟ್ಟರು, ಇನ್ನೊಂದು ಕಾಲಲ್ಲೇ ಇತ್ತು. ಬಗಲಲ್ಲಿ ಒಂದು ಫೈಲು. ಕನ್ನಡಕ ಹಣೆಗೇರಿಸಿ ಪೆಟ್ಟಿಗೆ ನೋಡಿದರು. ಚೀಟಿ ಓದಿದರು. ತುಟಿ ಅಲುಗಿತು, "ಆಯ್ತು" ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದರು. ಕಣ್ಣು ಪ್ರಾಣಿಯ ಕಣ್ಣಿಗೆ ಹೋಗುವ ಬದಲು ಆ ಮೂರನೇ ಸಾಲಿಗೇ ಜಾರುತ್ತಿತ್ತು.

"ನೀವು ಹೇಳಿದ್ದು ಸರಿ ಕಣಮ್ಮಾ" ಎಂದರು. "ಇನ್‌ಸ್ಪೆಕ್ಟರ ಮುಂದೆ ಅಷ್ಟು ಧೈರ್ಯವಾಗಿ ಹೇಳಿದ್ರಲ್ಲ, ನನಗೆ ಬೇಜಾರಿಲ್ಲ. ಹೆಮ್ಮೆಯೇ ಆಯ್ತು. ರಾತ್ರಿ ಮನೆಯಲ್ಲೂ ಹೇಳಿದೆ."

ಅವರು ಬಗಲಿನ ಫೈಲನ್ನು ಮುಂದೆ ಹಿಡಿದರು.

"ಇದು ನಿಮ್ಮದೇ ಫೈಲು. ಕಾಯಂ ಮಾಡಲಿಕ್ಕೆ. ಇವತ್ತಿನ ಟಪಾಲಿಗೆ ಹೋಗ್ಬೇಕು, ಹನ್ನೊಂದು ಗಂಟೆಯ ಒಳಗೆ." ಅವರು ಅಂಗಿಯ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು. ಫೈಲು ತೆರೆದರು. ಪೆನ್ನಿನ ತುದಿ ಕಾಗದದ ಮೇಲೆ ಒಂದು ಬೆರಳಷ್ಟು ಎತ್ತರದಲ್ಲಿ ನಿಂತುಬಿಟ್ಟಿತು. ಕೆಳಗಿಳಿಯಲಿಲ್ಲ.

ಅವರು ಸುತ್ತ ನೋಡಿದರು. ಅಟೆಂಡರು ಗಂಟೆ ಹೊಡೆಯಲು ಹೋಗಿದ್ದ. ಅಂಗಳದಲ್ಲಿ ಮಕ್ಕಳು ಪ್ರಾರ್ಥನೆಗೆ ಸಾಲು ನಿಲ್ಲುತ್ತಿದ್ದರು. ಹೆಡ್‌ಮಾಸ್ತರು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದು, ನಾನು ಪಂಡಿತರ ಹತ್ತಿರ ಮಾತಾಡುವಾಗಿನ ದನಿಗಿಂತಲೂ ತಗ್ಗಿದ ದನಿಯಲ್ಲಿ ಹೇಳಿದರು:

"ಒಂದೇ ಒಂದು ನಿಮಿಷ ಸಾಕಮ್ಮಾ... ಆ ಚೀಟಿನ ಸ್ವಲ್ಪ ಆಚೆ ತಿರುಗಿಸ್ತೀರಾ?"